ಚಂದ್ರಲೋಕಕ್ಕೆ ಹೋದವರು ವಾಪಸು ಬಂದ ಶ್ರಾವಣ

ಮೊನ್ನೆ ಬಾಲ್ಕನಿಯ ಬಾಗಿಲು ಹಾಕದೆ ದೇವಸ್ಥಾನಕ್ಕೆ ಹೋಗಿಬಿಟ್ಟಿದ್ದೆ. ವಾಪಸು ಬರುವಷ್ಟರಲ್ಲಿ ಮಳೆ ಹೊಡೆದು, ಬಾಗಿಲ ಪಕ್ಕದಲ್ಲೇ ಮಡಚಿಟ್ಟಿದ್ದ ಹಳೆಯ ಜಮಖಾನ ತೊಯ್ದು ತೊಪ್ಪೆಯಾಗಿತ್ತು. ನನ್ನ ಮರೆವಿಗೆ ನಾನೇ ಬೈದುಕೊಂಡು, ಹಿಂಡಿ, ಒಳಗೆ ಕುರ್ಚಿಗಳ ಮೇಲೆ ಹರವಿದೆ. ಸ್ವಲ್ಪ ಹೊತ್ತಿಗೆ ಮನೆ ತುಂಬ ಅದರದ್ದೇ ವಾಸನೆ. ಒದ್ದೆ ಹತ್ತಿ, ಹಳೆಯ ಧೂಳು, ಎಂದೋ ಚೆಲ್ಲಿದ ದೀಪದ ಎಣ್ಣೆ ಎಲ್ಲ ಸೇರಿದ ವಾಸನೆ. ವಸಂತಪುರದ ಈ ಮನೆಗೆ ಬಂದಮೇಲೆ ಆ ಜಮಖಾನ ನೆಂದದ್ದೇ ಇರಲಿಲ್ಲ. ಮೂಗಿಗೆ ಬಡಿದದ್ದೇ ತಡ, ಕುಮಾರಸ್ವಾಮಿ ಲೇಔಟಿನ ಆ ಮಳೆಗಾಲ ಎದುರಿಗೆ ಬಂದು ಕೂತುಬಿಟ್ಟಿತು. ಮೂರ್ನಾಲ್ಕು ವರ್ಷದ ಹಿಂದಿನ ಮಾತು.

ಆಗ ನಾವು ಮುನಿರಾಜಣ್ಣನ ಕಟ್ಟಡದಲ್ಲಿ ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದೆವು. ನಾವು ಅಂದರೆ ನಾನು ಮತ್ತು ನಮ್ಮನೆಯವರು, ಇಬ್ಬರೇ. ನಮ್ಮನೆಯವರು ಹರಿಕಥೆ ದಾಸರು. ಬನಶಂಕರಿ, ಜಯನಗರದ ಕಡೆ ರಾಮನವಮಿ ಪೆಂಡಾಲಿನಲ್ಲಿ ಕೂತು ಪಾನಕ ಕುಡಿದವರಿಗೆ ಅವರ ದನಿ ಗೊತ್ತಿರುತ್ತದೆ. ಮೈಕು ಕೆಟ್ಟರೂ ಕೊನೆಯ ಸಾಲಿಗೆ ಕೇಳಿಸುವ ದನಿ. ಕೈಯಲ್ಲಿ ಚಿಟಿಕೆ, ಕಾಲಲ್ಲಿ ಗೆಜ್ಜೆ, ಕೊರಳಲ್ಲಿ ತುಳಸಿಮಾಲೆ ಹಾಕಿಕೊಂಡು ಅವರು ನಿಂತರೆ, ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ನಾನು ಕೂರುತ್ತಿದ್ದೆ. ಮದುವೆಯಾದ ವರ್ಷದಿಂದ ನಮ್ಮ ಸಂಸಾರ ನಡೆದದ್ದೇ ಹೀಗೆ. ಮನೆಯಲ್ಲಿ ಜಗಳವಾಡಿಕೊಂಡು ಹೋದ ದಿನ ಬೇಕೆಂದೇ ಶ್ರುತಿ ಮೇಲಕ್ಕೆ ಹಿಡಿದು ಅವರನ್ನು ಗೋಳುಹೊಯ್ದುಕೊಂಡದ್ದೂ ಉಂಟು. ಅವರೇನು ಕಮ್ಮಿಯೇ, ಹಾಡುತ್ತಲೇ ನನ್ನ ಕಡೆ ತಿರುಗಿ ಕೈಕೇಯಿಯನ್ನು ವರ್ಣಿಸುತ್ತಿದ್ದರು.

ಆ ವರ್ಷ ಸಂಕ್ರಾಂತಿ ಕಳೆದಮೇಲೆ ಅವರ ಗಂಟಲಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಉಸಿರಾಡುವುದಕ್ಕೆ ಕತ್ತಿನಲ್ಲಿ ಒಂದು ತೂತು, ಅದರ ಮೇಲೆ ಎದೆಯವರೆಗೆ ಇಳಿಬಿಟ್ಟ ಬಿಳಿ ಬಟ್ಟೆ. ಜೀವ ಉಳಿಯಿತಲ್ಲ, ಅದೇ ದೊಡ್ಡದು ಎಂದು ನೋಡಲು ಬಂದವರೆಲ್ಲ ಹೇಳಿ ಹೋದರು. ನಾನೂ ಹೂಂ ಅಂದೆ. ಇನ್ನೇನು ಅನ್ನಲಿ?

ಆಸ್ಪತ್ರೆಯಲ್ಲಿ ಟಾರ್ಚಿನಷ್ಟು ಉದ್ದದ ಒಂದು ಯಂತ್ರ ಕೊಟ್ಟು ಕಳಿಸಿದ್ದರು. ಅದನ್ನು ಕತ್ತಿಗೆ ಒತ್ತಿ, ಗುಂಡಿ ಅದುಮಿ, ಬಾಯಿ ಆಡಿಸಿದರೆ ಮಾತು ಹೊರಡುತ್ತದೆ. ಹೊರಡುವುದೇನೋ ನಿಜ. ಆದರೆ ಏರಿಲ್ಲ, ಇಳಿವಿಲ್ಲ, ಡಬ್ಬದೊಳಗೆ ದುಂಬಿ ಸೇರಿಕೊಂಡ ಹಾಗೆ ಗುಂಯ್ ಎನ್ನುವ ದನಿ. ಮೊದಲ ಸಲ ಅದನ್ನು ಹಿಡಿದುಕೊಂಡು ತರಕಾರಿ ಗಾಡಿಯ ಹತ್ತಿರ ಹೋಗಿ ಬೀನ್ಸ್ ಕೇಳಿದರು. ಗಾಡಿಯವನು ಬೆಚ್ಚಿಬಿದ್ದು ಸುತ್ತ ನೋಡಿದ. ಪಕ್ಕದಲ್ಲಿದ್ದ ಮಕ್ಕಳು ಕಿಸಕ್ಕನೆ ನಕ್ಕವು. ಬೀನ್ಸೂ ಇಲ್ಲದೆ ಮನೆಗೆ ಬಂದವರು ಯಂತ್ರವನ್ನು ಬೀರುವಿನಲ್ಲಿ ನನ್ನ ಸೀರೆಗಳ ಕೆಳಗೆ ತುರುಕಿಟ್ಟರು. ಆಮೇಲೆ ಮಾತೆಲ್ಲ ಸ್ಲೇಟಿನ ಮೇಲೆ. ಹೊರಗೆ ಹೋಗುವುದೂ ನಿಂತಿತು.

ನನ್ನ ಹೆಸರು ಸಾವಿತ್ರಿ. ಮೊದಲೆಲ್ಲ ಬೆಳಿಗ್ಗೆ ಎದ್ದ ತಕ್ಷಣ ಕೋಣೆಯಿಂದಲೇ "ಲೇ ಸಾವಿತ್ರೀ" ಎಂದು ಕೂಗುತ್ತಿದ್ದರು. ಕಾಫಿಗೆ, ಟವಲಿಗೆ, ಕನ್ನಡಕಕ್ಕೆ, ಎಲ್ಲದಕ್ಕೂ ಅದೇ ಕೂಗು. "ರಿಂಗ್ ರೋಡಿಗೆ ಕೇಳೋ ಹಾಗೆ ಕಿರುಚ್ಬೇಡ್ರೀ" ಎಂದು ನಾನು ಎಷ್ಟು ಸಲ ರೇಗಿದ್ದೆನೋ. ಈಗ ಏನು ಬೇಕಾದರೂ ಸ್ಲೇಟನ್ನು ಮೇಜಿನ ಮೇಲೆ ಟಕಟಕ ಬಡಿಯುತ್ತಿದ್ದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕೂಗಿಲ್ಲದೆ ನನಗೆ ಮನೆ ಬಣಬಣ ಅನ್ನುತ್ತಿತ್ತು. ಒಗ್ಗರಣೆ ಹಾಕುತ್ತ ಕಿವಿಯನ್ನೆಲ್ಲ ಕೋಣೆಯ ಕಡೆಗಿಟ್ಟು ನಿಂತಿರುತ್ತಿದ್ದೆ, ಸಾಸಿವೆ ಸೀದು ಹೋಗುತ್ತಿತ್ತು.

ಮಳೆಗಾಲ ಶುರುವಾದ ಹೊತ್ತಿಗೆ ಒಂದು ಬೆಳಿಗ್ಗೆ ಸ್ಲೇಟಿನಲ್ಲಿ ಬರೆದರು: "ಚಿಟಿಕೆ ಗಿರಿನಗರದಲ್ಲಿ ಕೊಟ್ಟು ಬಾ."

ಗಿರಿನಗರದಲ್ಲಿ ಅವರ ಶಿಷ್ಯನೊಬ್ಬ ಇದ್ದಾನೆ, ಚೆನ್ನಾಗಿ ಕಥೆ ಮಾಡುತ್ತಾನೆ. ಆ ಚಿಟಿಕೆ, ಅಂದರೆ ಬೆರಳುಗಳ ನಡುವೆ ಸಿಕ್ಕಿಸಿಕೊಂಡು ತಾಳ ಹಾಕುವ ಮರದ ಜೋಡಿ, ಇವರಿಗೆ ಬಂದದ್ದು ಇವರ ಗುರುಗಳಿಂದ. ಗುರುಗಳು ಅದನ್ನು ಇವರ ಕೈಗೆ ಕೊಟ್ಟ ದಿನದಿಂದ ತಾವು ಮತ್ತೆ ಕಥೆಗೆ ನಿಲ್ಲಲಿಲ್ಲ. ಆ ಪರಂಪರೆಯಲ್ಲಿ ಹಾಗೇ. ಚಿಟಿಕೆ ಕೈದಾಟಿತು ಅಂದರೆ ದಾಸನ ಕೆಲಸ ಮುಗಿಯಿತು. ನಾನು ಮುಖದಲ್ಲಿ ಏನೂ ತೋರಿಸಿಕೊಳ್ಳದೆ, "ಈ ಮಳೇಲಿ ಎಲ್ರೀ ಹೋಗ್ಲಿ? ಮಳೆ ನಿಲ್ಲಲಿ, ಕೊಟ್ಟು ಬರ್ತೀನಿ" ಅಂದೆ. ಅವರು ಮಧ್ಯಾಹ್ನ ಮಲಗಿದಾಗ ಅದನ್ನು ಹಳೆಯ ರವಿಕೆ ಬಟ್ಟೆಯಲ್ಲಿ ಸುತ್ತಿ, ಹಾರ್ಮೋನಿಯಂ ಡಬ್ಬದ ತಳದಲ್ಲಿಟ್ಟು, ಮೇಲೆ ಪೆಟ್ಟಿಗೆ ಕೂರಿಸಿ ಮುಚ್ಚಿದೆ.

ಆ ವರ್ಷ ಮಳೆರಾಯ ನನ್ನ ಕಡೆಯವನಾಗಿದ್ದ. ದಿನಾ ಸಾಯಂಕಾಲ ಆಯಿತೆಂದರೆ ಮೋಡ ಕವಿದು ಸುರಿಯುವುದು. ಬಸ್ ಸ್ಟಾಪಿನ ಹತ್ತಿರ ಮೊಣಕಾಲುದ್ದ ನೀರು, ಅದರಲ್ಲಿ ಸ್ಕೂಟರುಗಳು ಕೆಟ್ಟು ನಿಲ್ಲುವುದು, ಒಣಗದ ಬಟ್ಟೆ, ಗೋಡೆಗೆ ಬೂಷ್ಟು. ಬೀದಿಯವರೆಲ್ಲ ಮಳೆಗೆ ಶಾಪ ಹಾಕುತ್ತಿದ್ದರೆ ನಾನೊಬ್ಬಳು ಕಿಟಕಿಯಲ್ಲಿ ನಿಂತು, ಇನ್ನೊಂದಿಷ್ಟು ಹುಯ್ಯಪ್ಪ ಎಂದು ಬೇಡಿಕೊಳ್ಳುತ್ತಿದ್ದೆ. ಮೋಡ ಸ್ವಲ್ಪ ಹರಿದರೆ ಸಾಕು, ಅವರ ಕಣ್ಣು ಬಾಗಿಲ ಕಡೆ, ಆಮೇಲೆ ನನ್ನ ಕಡೆ. ನಾನು ಪಾತ್ರೆ ತೊಳೆಯಲು ಎದ್ದುಬಿಡುತ್ತಿದ್ದೆ.

ಆಷಾಢದಲ್ಲಿ ಒಂದು ಸಂಜೆ ಮೇಲಿನ ಮನೆಯ ಶಶಿಧರ ಬಂದ. ಜಯನಗರದ ಕಾಲೇಜೊಂದರಲ್ಲಿ ಫಿಸಿಕ್ಸ್ ಮೇಷ್ಟ್ರು, ನಲವತ್ತರ ಆಸುಪಾಸು. ಹಳೆಯ ಸಿನಿಮಾದ ಹುಚ್ಚು. ಅದೂ ಯಾವ ಹಳೆಯದು? ಮಾತೇ ಇಲ್ಲದ್ದು. ನೂರು ವರ್ಷದ ಹಿಂದೆ, ವಿಮಾನವನ್ನೇ ಹೆಚ್ಚಿನ ಜನ ಕಣ್ಣಾರೆ ಕಂಡಿರದ ಕಾಲದಲ್ಲಿ, ರಟ್ಟು, ಮರ, ಬಣ್ಣ, ಬಟ್ಟೆಯಲ್ಲೇ ಚಂದ್ರಲೋಕ ಮಂಗಳಲೋಕಗಳನ್ನು ಕಟ್ಟಿ, ಮನುಷ್ಯರು ಆಕಾಶಕ್ಕೆ ಹೋಗುವ ಸಿನಿಮಾ ತೆಗೆದಿದ್ದರಂತೆ. ಯುರೋಪಿನ ಯಾವುದೋ ಚಳಿದೇಶದಲ್ಲಿ ತೆಗೆದ ಅಂಥದ್ದೊಂದು ಅವನ ಲ್ಯಾಪ್‌ಟಾಪಿಗೆ ಬಂದಿತ್ತು. ಅದನ್ನು ನಮ್ಮ ಕಟ್ಟಡದ ಟೆರೇಸಿನಲ್ಲಿ ಎಲ್ಲರಿಗೂ ತೋರಿಸಬೇಕೆಂದು ಅವನ ಆಸೆ.

"ಆಂಟಿ, ಆ ಕಾಲದಲ್ಲಿ ಸಿನಿಮಾಗೆ ಸೌಂಡ್ ಇರ್ಲಿಲ್ಲ. ಪರದೆ ಪಕ್ಕ ಕೂತು ಹಾರ್ಮೋನಿಯಂ, ತಬಲಾ ಬಾರಿಸ್ತಿದ್ರು. ನಮ್ಮ ದೇಶದಲ್ಲೂ ಹಂಗೇ. ಒಬ್ರು ಎದ್ದು ನಿಂತು ಕಥೆ ಹೇಳ್ತಿದ್ರಂತೆ. ನೀವು ಪೆಟ್ಟಿಗೆ ನುಡಿಸ್ತೀರಾ? ಕಥೆ ನಾನು ಓದ್ತೀನಿ."

"ಚಂದ್ರನ ಮೇಲೆ ಹೋಗೋರಿಗೆ ನಾನೇನಪ್ಪ ನುಡಿಸ್ಲಿ? ನನಗೆ ಗೊತ್ತಿರೋದು ಲಂಕೆಗೆ ಹೋಗೋರ ಕಥೆ."

"ಎರಡೂ ಹಾರೋದೇ ಅಲ್ವಾ ಆಂಟಿ" ಅಂದ, ನಗುತ್ತ.

ಒಪ್ಪಿಕೊಂಡೆ. ಪೆಟ್ಟಿಗೆ ಮುಟ್ಟದೆ ಕೈ ಜಡ್ಡುಗಟ್ಟಿತ್ತು. ಮನೆಯಲ್ಲಿ ಒಂದು ಶಬ್ದವಾದರೂ ಆಗಲಿ ಎನಿಸಿತ್ತು. ನಮ್ಮನೆಯವರು ಇದನ್ನೆಲ್ಲ ಕೇಳಿಸಿಕೊಂಡು ಕೋಣೆಗೆ ಹೋಗಿ ಬಾಗಿಲು ಮುಂದೆಮಾಡಿದರು.

ಮಾರನೆಯ ದಿನದಿಂದ ಶಶಿಧರ ಕಾಲೇಜು ಮುಗಿಸಿ ನೇರ ನಮ್ಮ ಮನೆಗೆ ಬರುತ್ತಿದ್ದ. ಚಿತ್ರ ಶುರುವಾದಾಗ ನನಗೆ ನಗು ತಡೆಯಲಾಗಲಿಲ್ಲ. ಅವರ ಆಕಾಶನೌಕೆ ನಮ್ಮ ಬಚ್ಚಲುಮನೆಯ ಹಂಡೆಯ ಹಾಗಿತ್ತು, ಅಡಿಗೆ ನಾಲ್ಕು ಕಾಲು. ಅದನ್ನು ಕಟ್ಟಿದವನೊಬ್ಬ ಗಡಿಯಾರ ರಿಪೇರಿಯವನು. ತಮ್ಮನನ್ನೂ ತಂಗಿಯನ್ನೂ ಕೂರಿಸಿಕೊಂಡು ಚಂದ್ರಲೋಕಕ್ಕೆ ಹೊರಡುತ್ತಾನೆ. ಮನೆಯಲ್ಲಿ ಉಳಿದ ತಾಯಿ ಬಾಗಿಲಲ್ಲಿ ನಿಂತು ಮೂವರ ತಲೆಯನ್ನೂ ಸವರಿ ಕಳಿಸುತ್ತಾಳೆ. ಆಮೇಲೆ ದಿನಾ ಸಂಜೆ ಕಿಟಕಿಯಲ್ಲಿ ದೀಪ ಹಿಡಿದು ಆಕಾಶ ನೋಡುತ್ತ ನಿಲ್ಲುತ್ತಾಳೆ. ಅಷ್ಟು ಹೊತ್ತಿಗೆ ನನ್ನ ನಗು ನಿಂತಿತ್ತು. ಚಂದ್ರಲೋಕದ ಜನಕ್ಕೆ ಮಾತಿಲ್ಲ, ಎಲ್ಲ ಕೈಯಲ್ಲೇ. ಹತ್ತು ಬೆರಳಲ್ಲಿ ನಗುತ್ತಿದ್ದರು, ಕೋಪಿಸಿಕೊಳ್ಳುತ್ತಿದ್ದರು, ಬಂದವರಿಗೆ ಊಟ ಬಡಿಸುತ್ತಿದ್ದರು. ಕೊನೆಗೆ ಅವರೆಲ್ಲ ಸೇರಿ ಹಂಡೆಯನ್ನು ನೂಕಿ ಮೇಲಕ್ಕೆ ಏರಿಸುತ್ತಾರೆ. ಇತ್ತ ತಾಯಿ ದೀಪ ಹಿಡಿದು ನಿಂತಿದ್ದಾಳೆ. ಅಲ್ಲಿಗೆ ಚಿತ್ರ ನಡುಗಿ, ಮೈತುಂಬ ಬಿಳಿ ಚುಕ್ಕೆ ಎದ್ದು, ಆರಿಹೋಯಿತು.

"ಆಮೇಲೆ?"

"ಅಷ್ಟೇ ಆಂಟಿ. ಕೊನೇ ಸುರುಳಿ ಸಿಕ್ಕಿಲ್ಲ. ಆ ಕಾಲದ ಫಿಲ್ಮ್ ಬೇಗ ಬೆಂಕಿ ಹಿಡಿಯೋದು, ಇಲ್ಲ ಡಬ್ಬದಲ್ಲೇ ಕೊಳೆತು ಹೋಗೋದು. ಇಷ್ಟು ಉಳಿದಿರೋದೇ ನಮ್ಮ ಪುಣ್ಯ."

"ಅದ್ಯಾವ ಪುಣ್ಯನೋ" ಅಂದೆ. ಆದರೆ ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ನನಗೆ ರಾಗದ ಚಿಂತೆ.

ಹಂಡೆ ಮೇಲೇಳುವಾಗ ಮೋಹನ ನುಡಿಸುತ್ತಿದ್ದೆ. ಕೋಣೆಯ ಬಾಗಿಲ ಮೇಲೆ ಯಾರೋ ಬಡಿದ ಸದ್ದು. ನಿಲ್ಲಿಸಿದೆ. ಮತ್ತೆ ಮೋಹನ ಹಿಡಿದೆ, ಮತ್ತೆ ಬಡಿತ. "ಏನ್ರೀ ಅದು ಒಳಗಿಂದ? ಹೇಳೋದಿದ್ರೆ ಹೊರಗೆ ಬಂದು ಹೇಳಿ" ಎಂದು ರೇಗಿದೆ. ಬಂದರು. ಸ್ಲೇಟಿನಲ್ಲಿ ದಪ್ಪಗೆ "ಅಠಾಣ" ಎಂದು ಬರೆದಿತ್ತು, ಕೆಳಗೆರಡು ಗೆರೆ. ಅಠಾಣ ಹಿಡಿದದ್ದೇ ಆ ಬಚ್ಚಲ ಹಂಡೆಗೆ ಗಾಂಭೀರ್ಯ ಬಂದುಬಿಟ್ಟಿತು. ತಾಯಿಯ ದೀಪಕ್ಕೆ ನೀಲಾಂಬರಿ ಎಂದು ಬರೆದರು. ಶಶಿಧರ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ಆಮೇಲೆ ದಿನಾ ಅವರೂ ಬಂದು ಕೂತರು. ಮೊದಲು ನೆಲದ ಮೇಲೆ ಬೆರಳಲ್ಲಿ ತಾಳ ಹಾಕಿದರು. ಒಂದು ವಾರಕ್ಕೆ ಕಪಾಟಿನಿಂದ ಗೆಜ್ಜೆ ಕೆಳಗಿಳಿಯಿತು. ಹಂಡೆ ನಡುಗುವುದಕ್ಕೆ, ಚಂದ್ರನ ಮೇಲೆ ನಡೆಯುವುದಕ್ಕೆ, ಎಲ್ಲಕ್ಕೂ ಬೇರೆ ಬೇರೆ ಗೆಜ್ಜೆಯ ನಡೆ. ಚಂದ್ರಲೋಕದವರ ಕೈಮಾತಿನ ಭಾಗವನ್ನಂತೂ ಶಶಿಧರನಿಂದ ಮತ್ತೆ ಮತ್ತೆ ಹಾಕಿಸಿ ನೋಡುತ್ತಿದ್ದರು. ಒಂದು ದಿನ ಶಶಿಧರ, "ಸಾರ್, ಚಿಟಿಕೆನೂ ಹಿಡ್ಕೊಂಡ್ರೆ ಸಖತ್ತಾಗಿರುತ್ತೆ" ಅಂದುಬಿಟ್ಟ. ಅವರ ಮುಖ ಸಪ್ಪಗಾಯಿತು. "ಹಾಡದವನ ಕೈಗೆ ಚಿಟಿಕೆ ಯಾಕೆ?" ಎಂದು ಬರೆದು, ನನ್ನ ಕಡೆಗೂ ತೋರಿಸಿದರು. ಕೆಳಗೆ ಸೇರಿಸಿದರು: "ಪ್ರದರ್ಶನದ ದಿನ ನಾನು ಪರದೆ ಹಿಂದೆ. ಯಾರಿಗೂ ಕಾಣಬಾರದು."

ಹಾಗೇ ಆಗಲಿ ಎಂದೆವು. ಮನೆಯಿಂದ ಟೆರೇಸಿಗಾದರೂ ಹತ್ತುತ್ತಾರಲ್ಲ ಎಂದು ನನಗೆ ಸಮಾಧಾನ.

ಜನ ಸೇರಿಸುವ ಕೆಲಸವನ್ನು ಮುನಿರಾಜಣ್ಣ ಮೈಮೇಲೆ ಹಾಕಿಕೊಂಡ. ಆ ಲೇಔಟ್ ಆಗುವ ಮುಂಚೆ ಅಲ್ಲೆಲ್ಲ ಅವರ ಮನೆತನದವರ ರಾಗಿ ಹೊಲ. ಈಗ ಹೊಲದ ಜಾಗದಲ್ಲಿ ಅವನ ಕಟ್ಟಡಗಳು. ಒಳ್ಳೆಯ ಮನುಷ್ಯ, ಏನು ಮಾಡಿದರೂ ಜೋರಾಗಿ ಮಾಡುತ್ತಾನೆ. ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಅವನು ಏನು ಹಾಕಿದ್ದನೆಂಬುದು ನಮಗೆ ಗೊತ್ತಾದದ್ದು ಶ್ರಾವಣ ಶನಿವಾರದ ಆ ಸಂಜೆಯೇ. ಟೆರೇಸಿನ ತಗಡಿನ ಚಾವಣಿಯ ಕೆಳಗೆ ಪರದೆ ಕಟ್ಟಿ, ಜಮಖಾನ ಹಾಸಿ, ಪ್ರೊಜೆಕ್ಟರ್ ಇಟ್ಟು ಕಾಯುತ್ತಿದ್ದೆವು. ಹೆಂಗಸರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬಂದರು. ಎಲ್ಲರೂ ರೇಷ್ಮೆ ಸೀರೆಯುಟ್ಟಿದ್ದರು. ಕೈಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಸೇವಂತಿಗೆ ಹಾರ.

ಶಶಿಧರ ನನ್ನ ಕಿವಿಯಲ್ಲಿ, "ಆಂಟಿ, ಇವ್ರೆಲ್ಲ ಯಾಕೆ ಕಾಯಿ ತಂದಿದ್ದಾರೆ?" ಅಂದ.

ಮುನಿರಾಜಣ್ಣ ಎದೆಯುಬ್ಬಿಸಿ ಮೊಬೈಲ್ ತೋರಿಸಿದ. "ನಮ್ಮ ದಾಸರಿಂದ ಶ್ರಾವಣ ಶನಿವಾರದ ವಿಶೇಷ ಕಥೆ: ಚಂದ್ರಲೋಕ ಯಾತ್ರೆ. ಸರ್ವರಿಗೂ ಸ್ವಾಗತ." ಜೊತೆಗೆ ನಮ್ಮನೆಯವರು ಚಿಟಿಕೆ ಹಿಡಿದು ನಿಂತ ಹಳೆಯ ಫೋಟೋ.

"ಮುನಿರಾಜಣ್ಣ, ಇದು ಸಿನಿಮಾ ಅಲ್ವಾ?" ಅಂದೆ.

"ಸಿನ್ಮಾ ಅಂದ್ರೆ ಯಾರಮ್ಮ ಬತ್ತಾರೆ? ಎಲ್ರ ಮನೇಲೂ ಟೀವಿ ಐತೆ. ದಾಸರ ಕಥೆ ಅಂದ್ರೆ ಬತ್ತಾರೆ. ನೋಡಿ, ಬಂದ್ರು!"

ಅವನ ತಾಯಿ ಗಂಗಮ್ಮಜ್ಜಿಯನ್ನು ಕುರ್ಚಿಸಮೇತ ಹೊತ್ತು ತಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಅಜ್ಜಿ ಎದ್ದು, ಪರದೆಯ ಕೆಳಗೆ ದೀಪ ಹಚ್ಚಿಟ್ಟು, ಪರದೆಗೇ ಕೈಮುಗಿದು, ಹೂವಿನ ಹಾರವನ್ನು ಎಲ್ಲಿ ಹಾಕುವುದೆಂದು ತಿಳಿಯದೆ ನನ್ನ ಹಾರ್ಮೋನಿಯಂ ಮೇಲಿಟ್ಟರು. ಜಮಖಾನಕ್ಕೆ ಎಣ್ಣೆ ಚೆಲ್ಲಿದ್ದೂ ಆಗಲೇ. ಅಜ್ಜಿ ಪೆಂಡಾಲಿನಲ್ಲಿ ಕೂತು ನಮ್ಮನೆಯವರ ಕಥೆ ಎಷ್ಟು ಕೇಳಿದ್ದರೋ, ನಡುವೆ ಹೂಂಗುಟ್ಟುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಪರದೆಯ ಹಿಂದೆ ನಮ್ಮನೆಯವರು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಾರೆಂದು ನೆನೆದು ನಾನು ಆ ಕಡೆಯೇ ನೋಡುತ್ತ ಕೂತೆ. ಎದ್ದು ಹೋಗಿಬಿಟ್ಟರೆ? ಗೆಜ್ಜೆ ಒಮ್ಮೆ ಘಲ್ ಎಂದಿತು. ಶುರುಮಾಡು ಎಂದು ಅರ್ಥ. ಅಷ್ಟು ವರ್ಷ ಜೊತೆಗೆ ಕೂತವಳಿಗೆ ಗೊತ್ತಾಗದೇ?

ಚಿತ್ರ ಓಡಿತು. ಶಶಿಧರ ಓದುತ್ತಿದ್ದ ಕನ್ನಡ ಪಾಠಪುಸ್ತಕದ ಕನ್ನಡವಾದರೂ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಹಂಡೆ ಹಾರಿದಾಗ ಹೆಂಗಸರು "ಅಯ್ಯಪ್ಪಾ" ಅಂದರು. ತಗಡಿನ ಮೇಲೆ ಮಳೆ ಬಡಿಯಲು ಶುರುವಾಗಿ, ನನ್ನ ಅಠಾಣ, ಹಿಂದಿನಿಂದ ಗೆಜ್ಜೆ, ಮೇಲೆ ಮಳೆ, ಮೂರೂ ಸೇರಿಕೊಂಡವು. ಚಂದ್ರಲೋಕದವರು ಕೈಯಲ್ಲಿ ಮಾತಾಡುವಾಗ ಗಂಗಮ್ಮಜ್ಜಿ, "ಮೂಕ್ರು ಪಾಪ, ಆದ್ರೂ ಎಷ್ಟು ಚೆಂದಾಗಿ ವಿಚಾರಿಸ್ಕಂತಾರೆ ನೋಡು" ಎಂದರು. ತಾಯಿ ಕಿಟಕಿಯಲ್ಲಿ ದೀಪ ಹಿಡಿದಾಗಲೆಲ್ಲ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹಂಡೆ ಚಂದ್ರನಿಂದ ಎದ್ದಿತು. ತಾಯಿ ದೀಪ ಹಿಡಿದು ನಿಂತಳು. ಬಿಳಿ ಚುಕ್ಕೆ ಎದ್ದವು. ಪರದೆ ಬರಿದಾಯಿತು.

ಶಶಿಧರ ಮೈಕು ಹಿಡಿದು, "ಎಲ್ಲರಿಗೂ ಧನ್ಯವಾದಗಳು" ಅಂದ. ಒಬ್ಬರೂ ಏಳಲಿಲ್ಲ.

"ಮುಗೀತು ಅಜ್ಜಿ" ಅಂದ ಶಶಿಧರ.

"ಎಲ್ಲಪ್ಪಾ ಮುಗೀತು? ಇನ್ನೂ ಮಂಗಳ ಹಾಡಿಲ್ಲ. ಹೋದೋರು ಬಂದಿಲ್ಲ."

"ಮುಂದಿನ ಸುರುಳಿ ಕಳೆದುಹೋಗಿದೆ ಅಜ್ಜಿ. ಯಾರ ಹತ್ರಾನೂ ಇಲ್ಲ. ಪ್ರಪಂಚದಲ್ಲೇ ಇಲ್ಲ."

"ಅದು ನಂಗೆ ಗೊತ್ತಿಲ್ಲ ಕಣಪ್ಪ. ಆ ತಾಯಿ ದೀಪ ಹಿಡ್ಕಂಡು ನಿಂತವ್ಳೆ. ಮೂರು ಮಕ್ಳು ಮೇಲವ್ರೆ. ಕಥೆ ಹಿಂಗೆ ನಡುವೆ ಬಿಟ್ಟು ಎದ್ದೋದ್ರೆ ನಮ್ಮನೇಗೆ ಒಳ್ಳೇದಾಯ್ತದಾ? ಅವ್ರು ಮನೆಗೆ ಬರ್ಲಿ, ಆಮೇಲೆ ನಾನು ಏಳ್ತೀನಿ."

ಉಳಿದವರೂ ಹೌದು ಹೌದು ಎಂದರು. ಹರಿಕಥೆಗೆ ಬಂದವರು ಅವರು. ರಾಮ ಕಾಡಿನಲ್ಲಿದ್ದಾಗ ಕಥೆ ನಿಲ್ಲಿಸಿ ಮನೆಗೆ ಹೋದ ದಾಸ ಯಾರಾದರೂ ಉಂಟೆ? ಒಂದೇ ದಿನದ ಕಥೆಯಾದರೆ ಯಾರನ್ನೂ ದಾರಿಯಲ್ಲಿ ಬಿಡುವ ಹಾಗಿಲ್ಲ, ಮನೆ ಸೇರಿಸಿ, ಮಂಗಳ ಹಾಡಿ, ಆರತಿ ಎತ್ತಿಯೇ ಏಳಬೇಕು. ಶಶಿಧರ ಬೆವರುತ್ತಿದ್ದ. ಪ್ರೊಜೆಕ್ಟರನ್ನು ಆರಿಸುವುದೂ ಮರೆತು ಹೋಗಿ, ಬರಿಯ ಬೆಳಕು ಬಿಳಿ ಬಟ್ಟೆಯ ಮೇಲೆ ಬೀಳುತ್ತಲೇ ಇತ್ತು. ಗಂಗಮ್ಮಜ್ಜಿ ಪರದೆಯ ಕಡೆ ತಿರುಗಿ ಜೋರಾಗಿ, "ಸ್ವಾಮಿ, ದಾಸಪ್ಪೋರೇ! ನೀವಾದ್ರೂ ಹೇಳಿ. ಬಂದ್ರಾ ಇಲ್ವಾ?" ಎಂದರು.

ನಮ್ಮನೆಯವರಿಗೆ ಏನಾಗಿದೆಯೆಂದು ಬೀದಿಗೆಲ್ಲ ಗೊತ್ತು. ಗೊತ್ತಿದ್ದೂ ಅಜ್ಜಿ ಕೇಳಿದ್ದು ಕೇಳಿಯಾಗಿತ್ತು. ನಾನು ತಲೆ ತಗ್ಗಿಸಿಕೊಂಡು ಕೂತೆ. ದೇವರೇ, ಈ ಮುದುಕಿಗೆ ಯಾರು ಬುದ್ಧಿ ಹೇಳುವವರು ಎಂದು ಒಳಗೇ ಕುದಿಯುತ್ತಿದ್ದೆ.

ಪರದೆಯ ಅಂಚು ಸರಿಯಿತು. ಅವರು ಹೊರಗೆ ಬಂದರು. ಯಾರನ್ನೂ ನೋಡದೆ ಸೀದಾ ನನ್ನ ಹತ್ತಿರ ಬಂದು, ಪಕ್ಕದಲ್ಲಿ ತೆರೆದಿಟ್ಟಿದ್ದ ಹಾರ್ಮೋನಿಯಂ ಡಬ್ಬದೊಳಗೆ ಕೈ ಹಾಕಿ, ತಳದಿಂದ ರವಿಕೆ ಬಟ್ಟೆಯ ಗಂಟನ್ನು ತೆಗೆದರು. ಹುಡುಕಲಿಲ್ಲ, ತಡಕಲಿಲ್ಲ. ಅದು ಅಲ್ಲಿದೆಯೆಂದು ಪುಣ್ಯಾತ್ಮನಿಗೆ ಮೊದಲಿನಿಂದಲೂ ಗೊತ್ತಿತ್ತು! ನನ್ನ ಮಳೆಯ ನೆಪವನ್ನೆಲ್ಲ ಸುಮ್ಮನೆ ಕೇಳಿಸಿಕೊಂಡು ಕೂತಿದ್ದರು.

ಚಿಟಿಕೆಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಬೆಳಕಿನೊಳಗೆ ನಿಂತರು. ಅವರ ನೆರಳು ಪರದೆಯ ತುಂಬ ಬಿತ್ತು. ಎಡಗೈಯನ್ನು ಗುಂಡಗೆ ಮಾಡಿ ಮೇಲೆತ್ತಿದರು, ಹಂಡೆ ಆಕಾಶದಲ್ಲಿತ್ತು. ಬಲಗೈಯ ಚಿಟಿಕೆ ಓಡತೊಡಗಿತು. ನನಗೆ ಯಾರೂ ಹೇಳಬೇಕಾಗಿರಲಿಲ್ಲ, ಪೆಟ್ಟಿಗೆ ಹಿಡಿದೆ. ಹಂಡೆ ಮೋಡಕ್ಕೆ ಸಿಕ್ಕಿ ತೂಗಾಡಿತು, ಚಿಟಿಕೆ ತಡವರಿಸಿತು, ಹೆಂಗಸರು ಉಸಿರು ಬಿಗಿಹಿಡಿದರು. ಹಂಡೆ ಚೇತರಿಸಿಕೊಂಡು ಇಳಿಯಿತು, ಇನ್ನೂ ಇಳಿಯಿತು. ಚಂದ್ರಲೋಕದವರ ಆ ಬೆರಳುಗಳೇ ಈಗ ಮೂವರು ಮನುಷ್ಯರಾಗಿ, ಕೆಳಗೆ ತಮ್ಮ ಊರನ್ನು ಕಂಡು, ಅಗೋ ನಮ್ಮ ಕಿಟಕಿ, ಅಗೋ ದೀಪ ಎಂದು ತೋರಿಸಿದವು. ಗೆಜ್ಜೆಯ ಕಾಲು ಒಮ್ಮೆ ದೃಢವಾಗಿ ನೆಲಕ್ಕೆ ಬಿತ್ತು. ಮಳೆಯೂ ಯಾವಾಗ ನಿಂತಿತ್ತೋ, ಯಾರೂ ಗಮನಿಸಿರಲಿಲ್ಲ.

"ಬಂದ್ರಾ?" ಎಂದರು ಗಂಗಮ್ಮಜ್ಜಿ, ಪಿಸುದನಿಯಲ್ಲಿ.

ಅವರು ನನ್ನ ಕಡೆ ತಿರುಗಿ, ನನ್ನ ಕೈಚೀಲದತ್ತ ಕೈ ಚಾಚಿದರು. ನನಗೆ ಒಂದು ಕ್ಷಣ ತಿಳಿಯಲಿಲ್ಲ. ಹೊರಗೆ ಹೋಗುವಾಗ ಆ ಯಂತ್ರ ಜೊತೆಯಲ್ಲಿರಲೇಬೇಕು, ಉಸಿರಿಗೆ ತೊಂದರೆಯಾದರೆ ಹೇಳಲಾದರೂ ಆಗಬೇಕಲ್ಲ ಎಂದು ಡಾಕ್ಟರು ಹೇಳಿದ್ದರಿಂದ, ಸೀರೆಯ ಕೆಳಗಿಂದ ತೆಗೆದು ಚೀಲದಲ್ಲಿ ಹಾಕಿಕೊಂಡು ಬಂದಿದ್ದೆ. ಅದೂ ಗೊತ್ತಿತ್ತು ಅವರಿಗೆ. ತೆಗೆದುಕೊಟ್ಟೆ. ಯಾರಾದರೂ ನಕ್ಕರೆ? ನಕ್ಕರೆ ಇವರು ಇನ್ನು ಯಾವತ್ತೂ ಕೋಣೆಯಿಂದ ಹೊರಗೆ ಬರುವುದಿಲ್ಲ.

ಯಂತ್ರವನ್ನು ಕತ್ತಿಗೆ ಒತ್ತಿದರು. ಗುಂಯ್ ಎನ್ನುವ ಆ ದನಿಯಲ್ಲಿ, ಒಂದೊಂದೇ ಅಕ್ಷರ ಬಿಡಿಸಿ, "ಬಂದ್ವಿ, ತಾಯಿ" ಅಂದರು.

ಯಾರೂ ನಗಲಿಲ್ಲ. ಮಕ್ಕಳೂ ನಗಲಿಲ್ಲ. ಗಂಗಮ್ಮಜ್ಜಿ ಹಿಂದಕ್ಕೆ ತಿರುಗಿ ಎಲ್ಲರಿಗೂ ಸಾರಿದರು: "ಬಂದ್ರು ಕಣ್ರೇ! ಕೇಳಿಸ್ತಾ? ಅಷ್ಟು ಮೇಲಿಂದ ಮಾತಾಡಿದ್ರೆ ದನಿ ಹಂಗೇ ಬರೋದು."

ಆಮೇಲೆ ಮಂಗಳ. ದಾಸರು ಹಾಡಬೇಕಾದ್ದು. ನಾನು ಮಧ್ಯಮಾವತಿ ಹಿಡಿದು, ಮುಂದೇನು ಎಂದು ತೋಚದೆ ಅದೇ ಸ್ವರಗಳನ್ನು ಸುತ್ತುತ್ತಿದ್ದೆ. ಹಿಂದಿನ ಸಾಲಿನಲ್ಲಿ ಒಬ್ಬಾಕೆ ಎತ್ತಿಕೊಂಡರು, ಪಕ್ಕದವರು ಸೇರಿಕೊಂಡರು, ಸ್ವಲ್ಪ ಹೊತ್ತಿಗೆ ಟೆರೇಸೇ ಹಾಡುತ್ತಿತ್ತು. ಶ್ರುತಿ ಒಬ್ಬರದ್ದೊಂದು ಕಡೆ. ನಮ್ಮನೆಯವರು ಕಣ್ಣು ಮುಚ್ಚಿಕೊಂಡು ಚಿಟಿಕೆ ಹಾಕುತ್ತ, ಅವರನ್ನೆಲ್ಲ ಒಂದೇ ತಾಳಕ್ಕೆ ಎಳೆದು ತಂದರು. ನಾನು ಅತ್ತೆ. ಅಳುತ್ತಲೇ ನುಡಿಸಿದೆ.

ಮುನಿರಾಜಣ್ಣನ ಹೆಂಡತಿ ಅರಿಶಿನ ಸುಣ್ಣ ಕದಡಿದ ಕೆಂಪು ನೀರಿನ ತಟ್ಟೆ ತಂದರು. ದೂರ ಹೋಗಿ ಬಂದವರಿಗೆ ಬಾಗಿಲಲ್ಲಿ ದೃಷ್ಟಿ ತೆಗೆಯುವುದಕ್ಕೆ. ಗಂಗಮ್ಮಜ್ಜಿ ತಟ್ಟೆ ಹಿಡಿದು ಬಿಳಿ ಬಟ್ಟೆಯ ಮುಂದೆ ನಿಂತರು. ಅಲ್ಲಿ ಯಾರೂ ಇರಲಿಲ್ಲ. ಒಂದು ಗಳಿಗೆ ನೋಡಿ, ನಮ್ಮನೆಯವರ ಕಡೆ ತಿರುಗಿದರು.

"ಬನ್ನಿ ಸ್ವಾಮಿ, ನೀವೇ ನಿಂತ್ಕಳಿ. ಎಷ್ಟು ದಿನ ಆಗಿತ್ತು ನೀವು ಹೋಗಿ."

ಅವರು ನಿಂತರು. ಅಜ್ಜಿ ಆರತಿ ಎತ್ತಿ, ಬೆರಳದ್ದಿ ಹಣೆಗೆ ಇಟ್ಟರು. ಒಂದು ಕೆಂಪು ಹನಿ ಜಾರಿ ಕತ್ತಿನ ಬಿಳಿ ಬಟ್ಟೆಯ ಮೇಲೆ ಬಿತ್ತು.

ಬೆಳಿಗ್ಗೆ ಎದ್ದಾಗ ವಾರಗಳಿಂದ ಕಾಣದ ಬಿಸಿಲು ಅಡುಗೆಮನೆಯ ಕಿಟಕಿಯಲ್ಲಿ ಬಿದ್ದಿತ್ತು. ಮೋಡದ ಚೂರೂ ಇಲ್ಲ. ಗಿರಿನಗರಕ್ಕೆ ಹೋಗದಿರಲು ನನ್ನ ಹತ್ತಿರ ಇನ್ನು ಯಾವ ನೆಪವೂ ಉಳಿದಿರಲಿಲ್ಲ. ಹಾಲು ಒಲೆಯ ಮೇಲಿಟ್ಟೆ. ಹಾರ್ಮೋನಿಯಂ ಡಬ್ಬದಲ್ಲಿ ಚಿಟಿಕೆ ಕಾಣಲಿಲ್ಲ. ಎಲ್ಲಿಟ್ಟರೋ ಎಂದು ನೋಡಿದರೆ, ಗೋಡೆಯ ಮೇಲೆ ತನ್ನ ಹಳೆಯ ಮೊಳೆಯಲ್ಲಿ ನೇತಾಡುತ್ತಿತ್ತು, ಎಣ್ಣೆ ಹಚ್ಚಿ ಒರೆಸಿದ ಮರ ಮಿರಮಿರ ಎನ್ನುತ್ತಿತ್ತು. ಸ್ಲೇಟು ಅದರ ಕೆಳಗೆ ಗೋಡೆಗೆ ಮುಖ ಮಾಡಿ ಕೂತಿತ್ತು.

ಆಗ ಕೋಣೆಯಿಂದ ಆ ದನಿ ಬಂತು. ಗುಂಯ್ ಎನ್ನುವ ದನಿ, ಏರಿಲ್ಲ, ಇಳಿವಿಲ್ಲ.

"ಲೇ ಸಾವಿತ್ರೀ. ಕಾಫಿ."

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯುತ್ತಿತ್ತು. ಹರಿದರೆ ಹರಿಯಲಿ ಎಂದು ಬಿಟ್ಟು, ರಿಂಗ್ ರೋಡಿಗೆ ಕೇಳಿಸುವ ಹಾಗೆ ನಾನೂ ಕೂಗಿದೆ:

"ಬಂದೆ!"